ಹದಿನಾಲ್ಕು ಕಲ್ಲಿಗೆ ಒಂದು ಉಂಗುರ

ಅರವತ್ತು ದಾಟಿದ ಹೆಂಗಸು ಕೈಚೀಲದಲ್ಲಿ ಕಲ್ಲು ಹಾಕಿಕೊಂಡು ಓಡಾಡತೊಡಗಿದರೆ, ಏನೂ ಆಗದೆ ಮನೆ ಸೇರುವ ದಿನಗಳು ಕಮ್ಮಿ. ನನಗೆ ಅಂಥ ದಿನ ಎಷ್ಟು ಸಿಕ್ಕವು ಎಂದು ಲೆಕ್ಕ ಹಾಕಿ ಹೇಳಬಲ್ಲೆ, ಏಕೆಂದರೆ ಬರೆದಿಟ್ಟಿದ್ದೇನೆ.

ಬರೆದಿಡುವುದು ನನ್ನ ಹಳೆಯ ಅಭ್ಯಾಸ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಹೆಣ್ಣುಮಗಳು ನಾನು. ಕಾಲೇಜಿನಲ್ಲಿ ನನ್ನ ಪ್ರಾಕ್ಟಿಕಲ್ ರೆಕಾರ್ಡನ್ನು ಬೇರೆಯವರಿಗೆ ಮಾದರಿಯಾಗಿ ತೋರಿಸುತ್ತಿದ್ದರು. ಆಮೇಲೆ ಚನ್ನಗಿರಿಗೆ ಸೊಸೆಯಾಗಿ ಬಂದೆ, ಆದರೆ ರೆಕಾರ್ಡು ನಿಲ್ಲಿಸಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೆ ಹಲ್ಲು ಬಂದ ದಿನ, ಉಪ್ಪಿನಕಾಯಿ ಹಾಕಿದ ದಿನ, ಅದಕ್ಕೆ ಬೂಸು ಹಿಡಿದ ದಿನ, ಬೂಸು ಹಿಡಿಯಲು ಕಾರಣರಾದವರು, ಎಲ್ಲಕ್ಕೂ ದಾಖಲೆಯಿದೆ. ಹಾಗಾಗಿ ಹರಳು ಉಜ್ಜುವುದನ್ನು ಕಲಿಯಲು ಹೊರಟಾಗಲೂ ಮೊದಲು ಕೊಂಡದ್ದು ಉದ್ದನೆಯ ಒಂದು ನೋಟ್‌ಬುಕ್ಕು. ಸ್ಕೇಲಿನಲ್ಲಿ ಗೆರೆ ಎಳೆದು ಕಾಲಮ್ಮು ಮಾಡಿದೆ: ಸಂಖ್ಯೆ, ಕಲ್ಲು ಸಿಕ್ಕ ಜಾಗ, ಯಾವ ಸಾಣೆ, ಎಷ್ಟು ಹೊತ್ತು, ಷರಾ.

ಹೊರಟದ್ದಕ್ಕೆ ಕಾರಣ ಜಗಳೂರಿನಲ್ಲಿರುವ ನನ್ನ ತಮ್ಮನ ಮನೆ. ಅವನ ಮಗಳಿಗೆ ಚನ್ನಗಿರಿ ಕಡೆಯ ವರ ಗೊತ್ತಾಗಿ, ಇನ್ನು ಮೂರು ತಿಂಗಳಿಗೆ ನಿಶ್ಚಿತಾರ್ಥ ಎಂದು ಮಾತಾಗಿತ್ತು. ಹುಡುಗನಿಗೆ ಹರಳಿನ ಉಂಗುರ ಹಾಕಬೇಕು. ಯಾವ ಹರಳು, ಎಲ್ಲಿಂದ ತರುವುದು ಎಂದು ಎಲ್ಲರೂ ಮಾತಾಡುತ್ತಿದ್ದಾಗ ನನ್ನ ಕಣ್ಣು ಬಾಗಿಲ ಬುಡಕ್ಕೆ ಹೋಯಿತು. ತಮ್ಮನ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಸಿಕ್ಕ ಮುಷ್ಟಿ ಗಾತ್ರದ ಕೆಂಗಂದು ಕಲ್ಲೊಂದು, ಗಾಳಿಗೆ ಬಾಗಿಲು ಬಡಿಯದಂತೆ ಅಲ್ಲಿ ಒತ್ತುಕೊಟ್ಟು ಬಿದ್ದಿತ್ತು. ಎತ್ತಿ ನೀರು ಹಾಕಿ ನೋಡಿದೆ. ಒಳಗೆ ಒಳ್ಳೆ ಬಣ್ಣ ಕಂಡಿತು.

“ಅಂಗಡಿ ಹರಳು ಯಾಕೆ? ಇದು ಜಾಸ್ಪರ್ ಕಲ್ಲು. ಹುಡುಗಿ ಹೊಲದ ಕಲ್ಲನ್ನೇ ಹುಡುಗನ ಬೆರಳಿಗೆ ಹಾಕಾಣ. ನಾನೇ ಉಜ್ಜಿ ಕೊಡ್ತೀನಿ,” ಎಂದೆ. ಮೂವತ್ತು ಜನರ ಎದುರಿಗೆ ಎಂದೆ. ಆಗ ನನಗೆ ಕಲ್ಲು ಉಜ್ಜಲು ಬರುತ್ತಿರಲಿಲ್ಲ.

ತಮ್ಮನ ಹೆಂಡತಿ ಬಹಳ ಒಳ್ಳೆಯವಳು. “ಆಗ್ಲಿ ಅಕ್ಕಾ,” ಎಂದಳು. ಮುಂದಿನ ವಾರವೇ ದಾವಣಗೆರೆಗೆ ಹೋಗಿ ಒಂದು ಹವಳ ತಂದು, ಮಖಮಲ್ಲಿನ ಡಬ್ಬಿ ಸಮೇತ ಬೀರುವಿನಲ್ಲಿಟ್ಟಳು. ಫೋನಿನಲ್ಲಿ ನನಗೂ ತಿಳಿಸಿದಳು: “ಇರ್ಲಿ ಅಕ್ಕಾ, ಒಂದು ಮಾತಿಗೆ.”

ಆ ಒಂದು ಮಾತು ಮೂರು ತಿಂಗಳು ನನ್ನ ಕಿವಿಯಲ್ಲೇ ಇತ್ತು. ಬೆರಳಿಗೆ ನನ್ನ ಕಲ್ಲು ಬರಬೇಕು, ಇಲ್ಲವೇ ಅವಳ ಹವಳ ಬರುತ್ತದೆ.

೧. ಸೋಪು

ನ್ಯಾಮತಿಯಲ್ಲಿ ಕುಡುಗೋಲು, ಕತ್ತಿ, ಅಡಕತ್ತರಿಗಳಿಗೆ ಸಾಣೆ ಹಿಡಿಯುವ ಚಿಕ್ಕ ಅಂಗಡಿಯೊಂದಿದೆ. ಅಂಗಡಿಯ ಯಜಮಾನರು ಊರು ಬಿಟ್ಟು ಗುಜರಾತಿನ ಕಡೆ ಮೂವತ್ತು ವರ್ಷ ಹರಳು ಉಜ್ಜಿ, ವಯಸ್ಸಾದ ಮೇಲೆ ವಾಪಸು ಬಂದವರು. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರ ಅಂಗಡಿಯ ಹಿಂದೆ ಕಲ್ಲು ಕೊಯ್ಯುವ ಯಂತ್ರ, ನುಣುಪು ಸಾಣೆಗಳು ಇನ್ನೂ ಇವೆ ಎಂದು ಕೇಳಿ ಹೋದೆ. ಬಂದ ವಿಷಯ ಹೇಳಿದೆ.

“ಏನು ಓದೀರಿ ಅಮ್ಮಾರೆ?” ಎಂದರು.

“ಬಿ.ಎಸ್ಸಿ.”

ಸ್ವಲ್ಪ ಯೋಚನೆ ಮಾಡಿ, “ಪರವಾಗಿಲ್ಲ, ಕಲಿಯಾಕೆ ಬರ್ತೈತೆ,” ಎಂದರು.

ನಾನು ಏನೂ ತಿಳಿಯದವಳಲ್ಲ ಎಂದು ತೋರಿಸಲೇಬೇಕಾಯಿತು. ಖನಿಜಗಳ ಗಡಸುತನದ ಪಟ್ಟಿಯನ್ನು ಅಲ್ಲೇ ನಿಂತು ಒಪ್ಪಿಸಿದೆ. ಟಾಲ್ಕ್ ಒಂದು, ಜಿಪ್ಸಮ್ ಎರಡು, ಹಾಗೇ ಹೋಗಿ ವಜ್ರ ಹತ್ತು. ನಲವತ್ತು ವರ್ಷದ ಮೇಲೂ ಒಂದೂ ತಪ್ಪಲಿಲ್ಲ. ಉಸ್ತಾದರು ಪೂರ್ತಿ ಕೇಳಿ, ಗೂಡಿನಿಂದ ಒಂದು ವಸ್ತು ತೆಗೆದು ನನ್ನ ಕೈಗಿಟ್ಟರು.

“ಇದು ಎಷ್ಟನೇ ನಂಬರಿಗೆ ಬರ್ತೈತೆ ನೋಡ್ರಿ.”

ಬಟ್ಟೆ ಒಗೆಯುವ ಸೋಪು.

“ಮೊದಲು ಇದ್ರಾಗೆ ಉಬ್ಬು ಹರಳು ಮಾಡ್ರಿ. ತಳ ಚಪ್ಪಟೆ, ಮೇಲೆ ಗುಮ್ಮಟ. ಮೂಲೆ ಇರಬಾರ್ದು, ನೆತ್ತಿ ಚಪ್ಪಟೆ ಆಗಬಾರ್ದು. ಬೆರಳಾಡಿಸಿದ್ರೆ ಎಲ್ಲೂ ನಿಲ್ಲಬಾರ್ದು. ಹನ್ನೆರಡು ಮಾಡ್ಕಂಡು ಬರ್ರಿ, ಆಮ್ಯಾಲೆ ಕಲ್ಲು.”

ಪದವೀಧರೆಗೆ ಸೋಪು ಎಂದು ಮನಸ್ಸಿಗೆ ಚುಚ್ಚಿತು. ಆದರೂ ಮನೆಗೆ ಬಂದು ಚಾಕು ಹಿಡಿದು ಕೂತೆ. ಸುತ್ತ ಅಂಚನ್ನು ಓರೆಯಾಗಿ ಇಳಿಸಿ, ಆಮೇಲೆ ನಿಧಾನಕ್ಕೆ ನೆತ್ತಿಯ ಕಡೆ ಬರಬೇಕು. ಅಷ್ಟು ಸುಲಭವಲ್ಲ. ಮೊದಲನೆಯದು ಇಡ್ಲಿಯಾಯಿತು. ಎರಡನೆಯದು ಡೇರೆ. ಮೂರನೆಯದರಿಂದ ದಾರಿಗೆ ಬಂತು. ಒಂದೊಂದರ ತಳಕ್ಕೂ ಸೂಜಿಯಿಂದ ಸಂಖ್ಯೆ ಗೀರಿ, ದಾಖಲೆ ಬರೆದು, ಬಚ್ಚಲ ಗೂಡಿನಲ್ಲಿ ಸಾಲಾಗಿ ಒಣಗಲು ಇಟ್ಟೆ.

ನಮ್ಮವರು ರಿಟೈರ್ಡ್ ಪೋಸ್ಟ್‌ಮಾಸ್ಟರು. ನಾನು ಮಾಡುವ ಯಾವುದಕ್ಕೂ ಬೇಡ ಎನ್ನದವರು, ಬೇಕು ಎಂದೂ ಅನ್ನದವರು. ಮರುದಿನ ಸಾಲಿನಲ್ಲಿ ಒಂದು ಕಮ್ಮಿಯಿತ್ತು. ಕೇಳಿದೆ.

“ನನ್ನ ಎರಡು ಬನಿಯನ್ ಒಕ್ಕಂಡೆ,” ಎಂದರು. “ಬರ್ಕೋ. ಸಂಖ್ಯೆ ಮೂರು ಚೆನ್ನಾಗಿ ನೊರೆ ಬರ್ತೈತೆ.”

೨. ಆಧಾರ್ ಕಾರ್ಡು

ಸೋಪು ಪಾಸಾದ ಮೇಲೆ ಉಸ್ತಾದರು, “ಮನೆಗಲ್ಲಿಗೆ ಈಗ್ಲೇ ಕೈ ಹಚ್ಚಬ್ಯಾಡ್ರಿ. ಹೊಳೆಗಲ್ಲಿನ ಮ್ಯಾಲೆ ಕೈ ಕೂರಲಿ,” ಎಂದರು. ಮನೆಗಲ್ಲು ಎಂದರೆ ಜಗಳೂರಿನದು. ಅದರಲ್ಲಿ ತುಂಬ ಬಿರುಕಿತ್ತು. ಕೊಯ್ದು ನೋಡಿದಾಗ ಉಂಗುರಕ್ಕಾಗುವ ಹೋಳು ಎರಡೇ ಸಿಕ್ಕಿದ್ದವು. ಅವೆರಡನ್ನೂ ಹತ್ತಿಯಲ್ಲಿ ಸುತ್ತಿ ಎತ್ತಿಟ್ಟು, ಹೊನ್ನಾಳಿಗೆ ಹೋದೆ.

ಹೊಳೆಯಲ್ಲಿ ನೀರು ಇಳಿದಿತ್ತು. ಬಟ್ಟೆ ಒಗೆಯುವವರ ಪಕ್ಕದಲ್ಲಿ ಸೀರೆ ಎತ್ತಿ ಕಟ್ಟಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಣಚುಕಲ್ಲು ಆರಿಸಿದೆ. ಒಂದು ಚೀಲ ತುಂಬಿತು. ಬಸ್ಸು ಹತ್ತುವಾಗ ಇಬ್ಬರು ಕೈ ಕೊಡಬೇಕಾಯಿತು. ನನಗಲ್ಲ, ಚೀಲಕ್ಕೆ.

ಕಂಡಕ್ಟರು ಬಂದರು. ಹೆಂಗಸರಿಗೆ ಟಿಕೆಟಿಲ್ಲವಲ್ಲ, ಆಧಾರ್ ಕಾರ್ಡು ತೋರಿಸಿದೆ. ಅವರು ಚೀಲವನ್ನು ಬೂಟಿನ ತುದಿಯಿಂದ ಮುಟ್ಟಿದರು.

“ಇದ್ರಾಗೇನೈತೆ?”

“ಕಲ್ಲು.”

“ಕಲ್ಲು ಅಂದ್ರೆ?”

“ಕಲ್ಲು ಅಂದ್ರೆ ಕಲ್ಲು. ಹೊಳೇದು.”

“ಇದಕ್ಕೆ ಲಗೇಜ್ ಚಾರ್ಜ್ ಆಗ್ತೈತಮ್ಮಾ. ಹೆಣ್ಮಕ್ಕಳಿಗೆ ಮಾತ್ರ ಫ್ರೀ.”

ಹಿಂದಿನ ಸೀಟಿನಲ್ಲಿ ದೇವರ ವಿಗ್ರಹ ಕೆತ್ತುವ ಒಬ್ಬ ಹಿರಿಯರು ಕೂತಿದ್ದರು. ಅವರಿಗೆ ಕುತೂಹಲ ತಡೆಯಲಿಲ್ಲ. ಬಗ್ಗಿ ಚೀಲದಿಂದ ಒಂದು ಕಲ್ಲು ತೆಗೆದು, ಬೀಗದ ಕೈಯಿಂದ ಎರಡು ಸಲ ತಟ್ಟಿ, ಕಿವಿಗೆ ಹಿಡಿದು ಕೇಳಿದರು.

“ಕಂಡಕ್ಟ್ರೇ, ಕಲ್ಲಿನಾಗೂ ಗಂಡು ಹೆಣ್ಣು ಐತೆ,” ಎಂದರು. “ದನಿ ಕೇಳಿ ಹೇಳ್ತೀವಿ ನಾವು. ಇದು ಹೆಣ್ಣುಗಲ್ಲು.”

ನನಗೆ ಧೈರ್ಯ ಬಂತು. “ಕೇಳಿದ್ರಲ್ಲ. ಫ್ರೀ ಆಗ್ತೈತೆ,” ಎಂದೆ.

ಕಂಡಕ್ಟರು ಟಿಕೆಟ್ ಮಷೀನನ್ನು ಪಕ್ಕಕ್ಕೆ ಸರಿಸಿ, ಬಹಳ ಮರ್ಯಾದೆಯಿಂದ ಕೈ ಚಾಚಿದರು.

“ಆಗ್ಲಿ ಬಿಡ್ರಿ. ಅದ್ರ ಆಧಾರ್ ಕಾರ್ಡ್ ತೋರಿಸ್ರಿ.”

೩. ಬಾಟಲಿ

ಮೊದಲ ಆರು ಕಲ್ಲುಗಳಿಗೂ ನನ್ನ ನೋಟ್‌ಬುಕ್ಕಿನಲ್ಲಿ ಷರಾ ಒಂದೇ. ಉಸ್ತಾದರು ಕಲ್ಲನ್ನು ಒರೆಸಿ, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, “ಗೀರೈತೆ,” ಎನ್ನುತ್ತಿದ್ದರು. ಅಷ್ಟೇ. ಒರಟು ಸಾಣೆಯ ಗೀರನ್ನು ಅದರ ಮುಂದಿನ ಸಾಣೆಯಲ್ಲೇ ಪೂರ್ತಿ ಅಳಿಸಬೇಕು. ಅವಸರ ಮಾಡಿ ದಾಟಿಸಿದರೆ ಅದು ಅಡಗಿ ಕೂತಿದ್ದು, ಕಟ್ಟಕಡೆಗೆ ಎಲ್ಲ ಹೊಳೆಯುವಾಗ ಎದ್ದು ಬರುತ್ತದೆ. ಕಲ್ಲು ಒದ್ದೆಯಿದ್ದಾಗ ಕಾಣುವುದೂ ಇಲ್ಲ. ಒರೆಸಿದಾಗ ನಗುತ್ತದೆ.

ವಾರಕ್ಕೆ ಎರಡು ಸಲ ನ್ಯಾಮತಿಗೆ ಓಡಾಡಿದರೆ ಕೈ ಕೂರುವುದಿಲ್ಲ ಎಂದು, ಉಸ್ತಾದರ ಹಳೆಯ ಯಂತ್ರವೊಂದನ್ನು ತಂದು ನಮ್ಮ ಹಿತ್ತಲ ಬಚ್ಚಲಿನಲ್ಲಿ ಕೂರಿಸಿದೆ. ಉಜ್ಜುವಾಗ ಸಾಣೆಗೆ ಹನಿ ಹನಿ ನೀರು ಬೀಳುತ್ತಲೇ ಇರಬೇಕು. ಇಲ್ಲದಿದ್ದರೆ ಕಲ್ಲು ಕಾದು ಸೀಳುತ್ತದೆ, ದೂಳು ಎದೆಗೆ ಹೋಗುತ್ತದೆ. ಉಸ್ತಾದರು ತಗಡಿನ ಡಬ್ಬಿಗೆ ತೂತು ಹಾಕಿಕೊಂಡಿದ್ದರು. ನಾನು ವಿಜ್ಞಾನ ಓದಿದವಳು. ನಮ್ಮ ಬೀದಿಯ ನರ್ಸಮ್ಮನ ಹತ್ತಿರ ಖಾಲಿಯಾದ ಗ್ಲೂಕೋಸ್ ಬಾಟಲಿ ಮತ್ತು ಅದರ ನಳಿಕೆ ತಂದು, ತೊಳೆದು, ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದೆ. ನಳಿಕೆಯ ಪುಟ್ಟ ಚಕ್ರ ತಿರುಗಿಸಿದರೆ ನಿಮಿಷಕ್ಕೆ ಎಷ್ಟು ಹನಿ ಬೇಕೋ ಅಷ್ಟು. ಅದನ್ನೂ ಬರೆದುಕೊಂಡೆ.

ಆ ಕಿಟಕಿ ಹಿಂದಿನ ಓಣಿಗೆ ಕಾಣುತ್ತದೆ.

ಸಂಜೆ ನಾಲ್ಕು ಗಂಟೆಗೆ ನಾಲ್ಕು ಜನ ಹೆಂಗಸರು ಬಂದರು. ಒಬ್ಬರ ಕೈಯಲ್ಲಿ ಬ್ರೆಡ್ಡು, ಒಬ್ಬರ ಕೈಯಲ್ಲಿ ಮೋಸಂಬಿ, ಇನ್ನಿಬ್ಬರ ನಡುವೆ ಎಳನೀರು. ನಾನು ಒಳಗೆ ಯಂತ್ರದ ಸದ್ದಿನಲ್ಲಿದ್ದೆ, ಕೇಳಲಿಲ್ಲ. ನಡುಮನೆಯ ಮಂಚದ ಮೇಲೆ ನಮ್ಮವರು ಮಲಗಿದ್ದರು.

“ಯಾವಾಗಿಂದ ಹಿಂಗೆ?” ಎಂದು ಒಬ್ಬರು ಮೆಲ್ಲಗೆ ಕೇಳಿದರಂತೆ.

“ಊಟ ಆದಾಗಿಂದ,” ಎಂದು ಇವರು ನಿಜವನ್ನೇ ಹೇಳಿದರಂತೆ.

“ಏನಾಗ್ತೈತೆ?”

“ಏನಿಲ್ಲ. ಎದ್ದು ಕೂರಾಕೆ ಮನಸ್ಸು ಬರಲ್ಲ.”

ನಾಲ್ವರೂ ಮುಖ ಮುಖ ನೋಡಿಕೊಂಡು, “ನಮ್ಮ ಮಾವಂಗೂ ಶುರುವಾಗಿದ್ದು ಹಿಂಗೇ,” ಎಂದು ಕೂತರು. ನಾನು ಕೈ ಒರೆಸಿಕೊಂಡು ಹೊರಗೆ ಬರುವ ಹೊತ್ತಿಗೆ ಸುಲಿದ ಮೋಸಂಬಿಯ ತೊಳೆಗಳು ಒಂದೊಂದಾಗಿ ಇವರ ಬಾಯಿಗೆ ಹೋಗುತ್ತಿದ್ದವು. ಬಾಟಲಿಯ ವಿಷಯ ಬಿಡಿಸಿ ಹೇಳಿದೆ. ನಂಬಲಿಲ್ಲ. ಗಂಡನ ಕಾಯಿಲೆ ಮುಚ್ಚಿಡುತ್ತಿದ್ದೇನೆ ಎಂದುಕೊಂಡರು. ಮರುದಿನ ಆ ಬೀದಿಯವರು, ಅದರ ಮರುದಿನ ಈ ಬೀದಿಯವರು ಬಂದು ಹೋದರು. ನಾಲ್ಕನೆಯ ದಿನ ಯಾರೂ ಬರಲಿಲ್ಲ.

ನಮ್ಮವರು ಸಂಜೆಯವರೆಗೂ ಕಾದು, ಬಚ್ಚಲ ಬಾಗಿಲಿಗೆ ಬಂದು ನಿಂತರು.

“ಆ ಬಾಟ್ಲಿನ ಇನ್ನೊಂದು ಸ್ವಲ್ಪ ಕಿಟಕಿ ಕಡೆ ಸರಿಸಾಕೆ ಬರ್ತೈತಾ ನೋಡೇ.”

೪. ಚೊಗರು

ಒಂಬತ್ತನೆಯ ಕಲ್ಲು ಆಕಾರದಲ್ಲಿ ಚೆನ್ನಾಗಿ ಬಂತು, ಹೊಳಪು ಮಾತ್ರ ಬರಲಿಲ್ಲ. ಎಷ್ಟು ಉಜ್ಜಿದರೂ ನಿದ್ದೆಗೆಟ್ಟ ಕಣ್ಣಿನ ಹಾಗೆ ಮಬ್ಬು. ನಿಶ್ಚಿತಾರ್ಥಕ್ಕೆ ಒಂದೇ ತಿಂಗಳಿತ್ತು. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಾಗ ಪಕ್ಕದ ಮನೆಯಾಕೆ ಬಂದಳು. ಇಪ್ಪತ್ತು ವರ್ಷದಿಂದ ಅಡಿಕೆ ಬೇಯಿಸುವ ಮನೆಯಲ್ಲಿ ಕೆಲಸ. ಯಾವ ಹಂಡೆ ಎಷ್ಟು ಕುದಿಯಬೇಕು ಎನ್ನುವುದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ.

ಕಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಉಜ್ಜಿದ್ರೆ ಬರಲ್ಲ ಬಿಡ್ರಿ,” ಎಂದಳು. “ಇದಕ್ಕೆ ಚೊಗರು ಕುಡಿಸ್ರಿ. ಅಡಿಕಿಗೆ ಮಿಂಚು ಎಲ್ಲಿಂದ ಬರ್ತೈತೆ? ಚೊಗರಿಂದ.”

ಅಡಿಕೆ ಬೇಯಿಸಿ ಬೇಯಿಸಿ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸ ಅದು. ನಾನು ಅವಳಿಗೆ ಸಮಾಧಾನದಿಂದ ತಿಳಿಸಿ ಹೇಳಿದೆ. ಅಡಿಕೆ ಸಸ್ಯ, ಅದರ ಮೈಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಬಣ್ಣ ಹೀರುತ್ತದೆ. ಇದು ಸಿಲಿಕಾ, ಹೀರುವುದಿಲ್ಲ.

“ನೀವು ಕುಡಿಸಿ ನೋಡೀರಾ?” ಎಂದಳು.

“ಇಲ್ಲ.”

“ಮತ್ತೆ ಹೆಂಗೆ ಹೇಳ್ತೀರಿ?”

ಇದು ಪ್ರಯೋಗಶಾಲೆಯಲ್ಲಿ ನಮ್ಮ ಮೇಡಂ ಕೇಳುತ್ತಿದ್ದ ಪ್ರಶ್ನೆಯೇ. ಅವಳು ಒಂದು ತಂಬಿಗೆ ಚೊಗರು ತಂದುಕೊಟ್ಟಳು. ಹಳೆ ಪಾತ್ರೆಯಲ್ಲಿ ಒಂಬತ್ತನೆಯ ಕಲ್ಲನ್ನು ಎರಡು ಗಂಟೆ ಕುದಿಸಿ, ಆರಿದ ಮೇಲೆ ಕೈ ಹಾಕಿ ಹುಡುಕಿ ತೆಗೆದು, ತಿಕ್ಕಿ ತೊಳೆದೆ. ಕಲ್ಲು ಹೋದ ಹಾಗೇ ವಾಪಸು ಬಂತು. ನನ್ನ ಎರಡು ಕೈ ಮಾತ್ರ ಮಣಿಕಟ್ಟಿನವರೆಗೆ ಇಟ್ಟಿಗೆ ಬಣ್ಣವಾಗಿದ್ದವು. ಹುಣಸೆಹಣ್ಣು, ನಿಂಬೆ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ.

ಉಸ್ತಾದರ ಎದುರು ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಕಲ್ಲು ಕೊಟ್ಟೆ. ಅವರು ಕಲ್ಲನ್ನು ಬದಿಗಿಟ್ಟು, ನನ್ನ ಕೈಯನ್ನೇ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿಸಿ, ಒಂದು ಕಣ್ಣು ಮುಚ್ಚಿ ನೋಡಿದರು.

“ಕೈಗೆ ಚೆನ್ನಾಗಿ ಬಂದೈತಮ್ಮಾರೆ. ಗೀರಿಲ್ಲ.”

೫. ಪಾತ್ರೆ ಬಿತ್ತು

ಹನ್ನೆರಡನೆಯ ಕಲ್ಲನ್ನು ಉಸ್ತಾದರು ಎರಡು ಸಲ ಬೆಳಕಿಗೆ ಹಿಡಿದು ನೋಡಿ, “ಇನ್ನು ಮನೆಗಲ್ಲು ತಗೀರಿ,” ಎಂದರು. ಮೆಡಲ್ ಸಿಕ್ಕಷ್ಟು ಸಂತೋಷವಾಯಿತು.

ಜಗಳೂರಿನ ಮೊದಲ ಹೋಳು ನನ್ನ ಹದಿಮೂರನೆಯ ಸಂಖ್ಯೆ. ಕಲ್ಲನ್ನು ಬೆಚ್ಚಗೆ ಮಾಡಿ ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿಕೊಂಡು ಉಜ್ಜಬೇಕು. ಎಲ್ಲ ಕ್ರಮವಾಗಿ ಮಾಡಿದೆ. ನಾಲ್ಕು ದಿನದಲ್ಲಿ ಗುಮ್ಮಟ ಬಂತು. ಐದನೆಯ ದಿನ ಚರ್ಮದ ಸಾಣೆಗೆ ಪಾಲಿಶ್ ಪುಡಿ ಹಚ್ಚಿ ಹಿಡಿದಾಗ ಅದರೊಳಗಿನಿಂದ ಬೆಳಕು ಎದ್ದುಬಂದ ಹಾಗಾಯಿತು. ಬಾಗಿಲು ಕಾಯುತ್ತಿದ್ದ ಕಲ್ಲು ಇದೇನಾ ಎಂದು ಮೈಮರೆತಿದ್ದೆ.

ಫೋನು ಬಡಿದುಕೊಂಡಿತು. ತಮ್ಮನ ಹೆಂಡತಿ. ಒಂದು ಕೈಯಲ್ಲಿ ಫೋನು ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಕಡ್ಡಿ. ಸಾಣೆಯ ಅಂಚಿಗೆ ಕಲ್ಲು ಸಿಕ್ಕಿ, ಕಡ್ಡಿಯಿಂದ ಕಿತ್ತು, ಒಗೆಯುವ ಕಲ್ಲಿಗೆ ಹೋಗಿ ಬಡಿದು ಮೂರು ಚೂರಾಯಿತು.

“ಅದೇನು ಸದ್ದು ಅಕ್ಕಾ?”

“ಪಾತ್ರೆ ಬಿತ್ತು.”

“ಬೆಳ್ಳೀದಾ?”

“ಅಲ್ಲ.”

“ಹಂಗಾರೆ ಬಿಡ್ರಿ, ಏನಾಗಲ್ಲ. ಕಲ್ಲು ಎಲ್ಲಿಗೆ ಬಂತು?”

ಚೂರೊಂದು ಉರುಳುತ್ತಾ ಬಚ್ಚಲ ತೂತಿನ ಕಡೆ ಹೊರಟಿತ್ತು. ಅದನ್ನು ನೋಡುತ್ತಾ, “ಹೊರಟೈತೆ,” ಎಂದೆ.

“ಅವಸರ ಮಾಡ್ಕಬ್ಯಾಡ್ರಿ ಅಕ್ಕಾ. ಹೆಂಗೂ ಹವಳ ಐತಲ್ಲ, ಒಂದು ಮಾತಿಗೆ.”

ಫೋನಿಟ್ಟು ನೋಟ್‌ಬುಕ್ಕು ತೆಗೆದೆ. ನಲವತ್ತು ವರ್ಷದಲ್ಲಿ ಸುಳ್ಳು ದಾಖಲೆ ಬರೆದವಳಲ್ಲ. ಆದರೆ ಹದಿಮೂರರ ಮುಂದೆ ನಿಜ ಬರೆಯಲು ಕೈ ಬರಲಿಲ್ಲ. ಷರಾ: ಪಾತ್ರೆ ಬಿತ್ತು.

ನಾನು ಇಲ್ಲದಾಗ ನಮ್ಮವರು ಅದನ್ನು ಓದಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದರು: “ಅಡಿಗೆಮನೆ ಪೂರ್ತಿ ಎಣಿಸಿ ನೋಡಿದೆ. ಎಲ್ಲಾ ಪಾತ್ರೆ ನೆಟ್ಟಗೇ ಅವೆ. ನಿನ್ನ ರೆಕಾರ್ಡೇ ಒಂದು ನೆಗ್ಗೈತೆ.”

೬. ಗಟ್ಟಿ ಮಾಲು

ಕಡೆಯ ಹೋಳನ್ನು ಮನೆಯಲ್ಲಿ ಮುಟ್ಟಲು ಧೈರ್ಯ ಬರಲಿಲ್ಲ. ದಿನಾ ನ್ಯಾಮತಿಗೆ ಹೋಗಿ, ಉಸ್ತಾದರ ಎದುರೇ ಕೂತು ಉಜ್ಜಿದೆ. ಫೋನನ್ನು ಅವರ ಗೂಡಿನಲ್ಲಿಟ್ಟು ಬೀಗ ಹಾಕಿಸಿದ್ದೆ. ನಿಶ್ಚಿತಾರ್ಥದ ಹಿಂದಿನ ದಿನ ಹದಿನಾಲ್ಕನೆಯ ಕಲ್ಲು ಮುಗಿಯಿತು. ಹೆಬ್ಬೆರಳ ಉಗುರಿನಷ್ಟು ಗಾತ್ರ, ಹದವಾಗಿ ಬೆಂದ ಕೆಂಗಂದು, ಬೆರಳಾಡಿಸಿದರೆ ಎಲ್ಲೂ ನಿಲ್ಲದ ಗುಮ್ಮಟ.

ಉಸ್ತಾದರು ಬೆಳಕಿಗೆ ಹಿಡಿದರು. ಕಣ್ಣು ಮುಚ್ಚಿದರು. ಆ ಕಣ್ಣು ಬಿಟ್ಟು ಈ ಕಣ್ಣು ಮುಚ್ಚಿದರು.

“ಒಂದೇ ಒಂದು ಗೀರೈತಮ್ಮಾರೆ. ಕೂದಲೆಳೆ. ಬಲಗಡೆ, ಅಂಚಿಗೆ. ಇನ್ನರ್ಧ ತಾಸು ಪಾಲಿಶ್ ಕೊಟ್ರೆ ಹೋಗ್ತೈತೆ.”

ಬಸ್ಸಿಗೆ ಹತ್ತು ನಿಮಿಷವಿತ್ತು. ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರು ಸೇರಬೇಕು. “ಹೋಗ್ರಿ,” ಎಂದರು. “ಯಾರಿಗೂ ಕಾಣಲ್ಲ. ನನಗೆ ಕಾಣ್ತೈತೆ, ನಿಮಗೆ ಕಾಣ್ತೈತೆ.” ದಾರಿಯುದ್ದಕ್ಕೂ ನನಗೆ ಕಂಡದ್ದು ಆ ಗೀರೊಂದೇ.

ಜಗಳೂರಿನಲ್ಲಿ ಪತ್ತಾರರು ಉಂಗುರ ಸಿದ್ಧಮಾಡಿ ತಂದಿದ್ದರು, ಹರಳಿನ ಮನೆ ಮಾತ್ರ ಖಾಲಿ. “ಕಲ್ಲು ಕೂರಿಸಿದ ಮ್ಯಾಲೆ ಉಂಗುರ ಹಿಗ್ಗಿಸಾಕೆ ಬರಲ್ಲ. ಹುಡುಗನ ಬೆರಳಿಗೆ ನೋಡಿ ಅಲ್ಲೇ ಕೂರಿಸ್ತೀನಿ, ಐದು ನಿಮಿಷದ ಕೆಲಸ,” ಎಂದು ಸಣ್ಣ ಸುತ್ತಿಗೆ, ಚಿಮ್ಮಟ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು.

ಗಂಡಿನ ಕಡೆಯವರು ಬಂದರು. ಅವರಲ್ಲಿ ಹಿರಿಯರು ಹುಡುಗನ ಅಜ್ಜ. ಚನ್ನಗಿರಿಯಲ್ಲಿ ನಲವತ್ತು ವರ್ಷ ಅಡಿಕೆ ಮಂಡಿ ನಡೆಸಿದವರು. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಅಡಿಕೆ ಕೊಟ್ಟರೆ ಯಾವ ತೋಟದ್ದು ಎನ್ನುತ್ತಾರೆ ಎಂದು ಅವರ ಕಡೆಯವರೇ ಹೇಳಿದರು. ಬಂದವರೇ ನನ್ನ ತಮ್ಮನನ್ನು ಕೆಣಕಿದರು: “ನಿಮ್ಮ ಕಡೆ ಮೆಕ್ಕೆಜೋಳ ಐತೆ, ಈರುಳ್ಳಿ ಐತೆ. ಅಡಿಕೆ ಮಾತ್ರ ಹೆಂಗಿರ್ತೈತೋ ನೋಡ್ಬೇಕು ಬೀಗರೆ.” ಮರ್ಯಾದೆ ಹೋಗಬಾರದೆಂದು ನನ್ನ ತಮ್ಮ ಮೊದಲೇ ಇದ್ದದ್ದರಲ್ಲಿ ಒಳ್ಳೆಯ, ಎರಡು ಹೋಳು ಮಾಡಿ ಬೇಯಿಸಿದ ಬೆಟ್ಟೆ ಅಡಿಕೆ ತರಿಸಿದ್ದ.

ನಮ್ಮಲ್ಲಿ ವರನಿಗೆ ಕೊಡುವ ವಸ್ತುವನ್ನು ಬರಿಗೈಯಲ್ಲಿ ಕೊಡುವುದಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ ಹರವಿ, ಅದರ ಮೇಲಿಟ್ಟು, ಎರಡೂ ಕಡೆಯ ಹಿರಿಯರಿಗೆ ಮುಟ್ಟಿಸಿಕೊಂಡು ಬರುತ್ತಾರೆ. ನನ್ನ ಕಲ್ಲಿಗೆ ಡಬ್ಬಿಯಿರಲಿಲ್ಲ. ಬೇಕೆನಿಸಿರಲೂ ಇಲ್ಲ. ಎಳೆ ವೀಳ್ಯದೆಲೆಯ ಮೇಲೆ ನಾನೇ ಕೈಯಾರೆ ಇಟ್ಟೆ. ಗೀರಿನ ಕಡೆಯನ್ನು ಗೋಡೆಯತ್ತ ತಿರುಗಿಸಿ ಇಟ್ಟೆ. ತಟ್ಟೆ ಸುತ್ತಲು ಹೊರಟಿತು. ನಾನು ಒಳಗೆ ಹೋಗಿ ತಮ್ಮನ ಮಗಳಿಗೆ ಹೂ ಮುಡಿಸಿ ಹೊರಗೆ ಬಂದೆ.

ತಟ್ಟೆ ಪತ್ತಾರರ ಮುಂದಿತ್ತು. ಅವರು ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು.

“ಕಲ್ಲೆಲ್ಲೈತ್ರೀ?”

ಅಡಿಕೆ ಇತ್ತು, ಎಲೆ ಇತ್ತು. ಕಲ್ಲಿರಲಿಲ್ಲ.

ಜಮಖಾನ ಎತ್ತಿದರು. ದಿಂಬು ಕೊಡವಿದರು. ತಟ್ಟೆ ಹಿಡಿದು ಸುತ್ತಿದ ಹುಡುಗಿಯರನ್ನು ನಿಲ್ಲಿಸಿ ಕೇಳಿದರು. ಅವರು ಅಳುವ ಹಾಗಾದರು. ನನ್ನ ಸೀರೆಯ ನೆರಿಗೆಯನ್ನೂ ಕೊಡವಿ ನೋಡಲಾಯಿತು. ಹುಡುಗನ ಅಜ್ಜ ಕುರ್ಚಿಯಲ್ಲಿ ಕೂತು, ನಿಂತವರಿಗೆಲ್ಲ ದಾರಿ ತೋರಿಸುತ್ತಿದ್ದರು. “ಆ ಮೂಲ್ಯಾಗೆ ನೋಡ್ರಿ. ಚಪ್ಪಲಿ ಹತ್ರ ನೋಡ್ರಿ. ಎಲ್ಲೂ ಹೋಗಿರಲ್ಲ, ಇಲ್ಲೇ ಎಲ್ಲೋ ಇರ್ತೈತೆ.” ಮಾತು ಸ್ವಲ್ಪ ತೊದಲುತ್ತಿತ್ತು. ವಯಸ್ಸು ಎಂದುಕೊಂಡೆವು.

ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ನೋರು ಗಡಿಯಾರ ನೋಡಿ, “ಮುಹೂರ್ತ ಇನ್ನು ಕಾಲು ಗಂಟೆ,” ಎಂದರು.

ಒಳಗಿನಿಂದ ಬೀಗದ ಕೈಯ ಗೊಂಚಲಿನ ಸದ್ದು, ಅದರ ಹಿಂದೆಯೇ ಬೀರುವಿನ ಬಾಗಿಲು ಕಿರ್ರೆಂದದ್ದು ಕೇಳಿಸಿತು. ತಮ್ಮನ ಹೆಂಡತಿ ಮಖಮಲ್ಲಿನ ಡಬ್ಬಿ ಹಿಡಿದು ಬಂದಳು. ನನ್ನ ಮುಖ ನೋಡಲಿಲ್ಲ. ಅವಳಿಗೂ ಸಂಕಟವೇ ಆಗಿತ್ತು, ಅದು ನನಗೆ ಗೊತ್ತು. ಪತ್ತಾರರು ಡಬ್ಬಿ ತೆಗೆದು, ಹವಳಕ್ಕೆ ಚಿಮ್ಮಟ ಹಾಕಿದರು. ಮೂರು ತಿಂಗಳು, ಹದಿನಾಲ್ಕು ಕಲ್ಲು. ನಾನು ಗೋಡೆಗೆ ಒರಗಿದೆ.

ಆಗ ಅಜ್ಜ ನನ್ನ ತಮ್ಮನನ್ನು ಸನ್ನೆ ಮಾಡಿ ಹತ್ತಿರ ಕರೆದರು. ಮೆಲ್ಲಗೇ ಹೇಳಿದರು, ಆದರೆ ಮಂಡಿಯಲ್ಲಿ ಕೂಗಿ ರೂಢಿಯಾದ ಗಂಟಲು, ಎಲ್ಲರಿಗೂ ಕೇಳಿಸಿತು.

“ಬೀಗರೆ, ಒಂದು ಮಾತು. ಬೇಜಾರು ಮಾಡ್ಕಬ್ಯಾಡ್ರಿ. ಈ ಅಡಿಕೆ ಎಲ್ಲಿ ತಂದ್ರಿ?”

“ಯಾಕ್ರೀ?”

“ನನಗೆ ಹಲ್ಲಿಲ್ಲ, ಬಲದವಡೆಯಾಗಿಟ್ಟು ನೆನೆಸ್ತೀನಿ. ಹತ್ತು ನಿಮಿಷಕ್ಕೆ ಎಂಥಾ ಅಡಿಕೆನೂ ಮೆತ್ತಗಾಗ್ತೈತೆ. ಇದು ಅರ್ಧ ತಾಸಾತು, ಒಂಚೂರು ಜಗ್ಗಿಲ್ಲ. ನಲವತ್ತು ವರ್ಷದಾಗೆ ಇಂಥಾ ಗಟ್ಟಿ ಮಾಲು ನಾ ನೋಡಿಲ್ಲ.”

ನಾನು ಹೋಗಿ ಅವರೆದುರು ನಿಂತು ಅಂಗೈ ಚಾಚಿದೆ. ಬೀಗರಿಗೆ ಯಾರೂ ಹೇಳಬಾರದ ಮಾತು, ಆದರೂ ಹೇಳಿದೆ.

“ಯಜಮಾನ್ರೇ, ಉಗುಳ್ರಿ.”

ಉಗುಳಿದರು. ಕಲ್ಲು ನನ್ನ ಅಂಗೈಗೆ ಬೆಚ್ಚಗೆ ಬಿತ್ತು.

ಮೊದಲು ನಕ್ಕಿದ್ದು ಹುಡುಗ, ಆಮೇಲೆ ಹುಡುಗಿ, ಆಮೇಲೆ ಇಡೀ ಮನೆ. ಅಜ್ಜ ಮಾತ್ರ ನಗಲಿಲ್ಲ. ಕಲ್ಲನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು ತಂದಾಗ ಮತ್ತೊಮ್ಮೆ ಈಸಿಕೊಂಡು ನೋಡಿ, “ತಪ್ಪು ನಂದಲ್ಲ,” ಎಂದರು. “ಬಣ್ಣ ಒಂದನೇ ನಂಬರು. ಗುಂಡು ಒಂದನೇ ನಂಬರು. ತಳ ಚಪ್ಪಟೆ. ತಟ್ಟೆಯಾಗಿದ್ದ ಅಡಿಕೆಯಾಗೆ ಇದೇ ಚಲೋದು ಅಂತ ಆರಿಸ್ಕಂಡೆ. ಮನಸ್ಸಿನಾಗೆ ರೇಟು ಸೈತ ಕಟ್ಟಿದ್ದೆ.”

ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲೂ ಅಷ್ಟು ಒಳ್ಳೆಯ ಮಾತಿಲ್ಲ.

ತಮ್ಮನ ಹೆಂಡತಿ ಹವಳದ ಡಬ್ಬಿ ಮುಚ್ಚಿದಳು. “ಹವಳ ಇಟ್ಟಿದ್ರೆ ಯಾರೂ ಬಾಯಿಗೆ ಹಾಕ್ಕಂತಿರ್ಲಿಲ್ಲ ಅಕ್ಕಾ,” ಎಂದಳು, ನಗು ತಡೆಯುತ್ತಾ.

“ಅದಕ್ಕೂ ಇದಕ್ಕೂ ವ್ಯತ್ಯಾಸ ಅದೇ ನೋಡು,” ಎಂದೆ.

ಪತ್ತಾರರು ಕಣ್ಣಿಗೆ ಭೂತಗನ್ನಡಿ ಹಚ್ಚಿ, ಕಲ್ಲನ್ನು ಸುತ್ತ ತಿರುಗಿಸಿ, “ನುಣುಪು ಚೆನ್ನಾಗಿ ಬಂದೈತೆ. ಒಂದು ಗೀರಿಲ್ಲ,” ಎಂದರು. ಒದ್ದೆ ಕಲ್ಲಿನಲ್ಲಿ ಗೀರು ಕಾಣುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲವೇ? ಈಸಿಕೊಂಡು, ಸೆರಗಿನಿಂದ ಒಣಗುವ ಹಾಗೆ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಬಲಗಡೆಯ ಅಂಚನ್ನು ನೋಡಿದೆ. ಕಣ್ಣು ಬದಲಿಸಿಯೂ ನೋಡಿದೆ. ಇದಕ್ಕೆ ಬಿ.ಎಸ್ಸಿ.ಯಲ್ಲಿ ವಿವರಣೆಯಿಲ್ಲ. ಮುಹೂರ್ತಕ್ಕೆ ಎರಡು ನಿಮಿಷ ಇರುವಾಗ ಕಲ್ಲು ಉಂಗುರಕ್ಕೆ ಕೂತಿತು, ಉಂಗುರ ಬೆರಳಿಗೆ ಏರಿತು.

ಮರುದಿನ ಚನ್ನಗಿರಿಗೆ ಬಂದು ಮೊದಲು ಹದಿಮೂರರ ಮುಂದೆ “ಪಾತ್ರೆ ಬಿತ್ತು” ಎನ್ನುವುದನ್ನು ಹೊಡೆದು, “ಕಲ್ಲು ಒಡೆಯಿತು” ಎಂದು ತಿದ್ದಿ ಸಹಿ ಹಾಕಿದೆ. ಆಮೇಲೆ ಹೊಸ ಸಾಲು ಬರೆದೆ. ನಮ್ಮವರು ಅದನ್ನು ಬೀದಿಯವರಿಗೆಲ್ಲ ಓದಿ ಹೇಳುತ್ತಿದ್ದಾರಂತೆ. ಬರೆದದ್ದು ಬರೆದ ಹಾಗೇ ಇದೆ:

ಸಂಖ್ಯೆ ಹದಿನಾಲ್ಕು. ಜಗಳೂರು, ತಮ್ಮನ ಹೊಲ. ಒರಟು ಸಾಣೆ, ನಡು ಸಾಣೆ, ನುಣುಪು ಸಾಣೆ, ಚರ್ಮದ ಸಾಣೆ. ಕೊನೆಯ ಪಾಲಿಶ್: ಬೀಗರ ಬಲದವಡೆ, ಅರ್ಧ ತಾಸು. ಷರಾ: ಗೀರಿಲ್ಲ.